ಅಮೆರಿಕದ ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಪಿಎಚ್‌ಡಿ: ಎಎಚ್‌ಎ ಫೆಲೋಶಿಪ್ ಬರೆಯೋದಾ, ಪೇಪರ್ ಮುಗಿಸೋದಾ? ಅನುಭವ ಇರೋರು ಹೇಳಿ

ಮಲೆನಾಡ_ಕೋಶ: ಅಮೆರಿಕದ ಬಯೋಮೆಡಿಕಲ್ ಗ್ರ್ಯಾಜುಯೇಟ್ ಸ್ಕೂಲಲ್ಲಿ ಮೂರನೇ ವರ್ಷ. ಹೃದಯ ಸ್ನಾಯುಕೋಶಗಳ ಮೈಟೊಕಾಂಡ್ರಿಯಾ ಮೇಲೆ ಕೆಲಸ. ಸ್ಕೂಲಿನ ‘ವಿದ್ಯಾರ್ಥಿ ಮತ್ತು ಅಧ್ಯಾಪಕರ ಸಾಧನೆ’ ಪಟ್ಟಿ ಬಂದಾಗಲೆಲ್ಲ ಅದರಲ್ಲಿ ಫೆಲೋಶಿಪ್ ಸಿಕ್ಕವರ ಹೆಸರುಗಳೇ. ಗೈಡ್ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ನಿನ (ಎಎಚ್‌ಎ) ಪ್ರಿಡಾಕ್ಟೋರಲ್ ಫೆಲೋಶಿಪ್‌ಗೆ, ಅಂದರೆ ಪಿಎಚ್‌ಡಿ ಮಾಡ್ತಿರೋರಿಗೆ ಕೊಡೋದಕ್ಕೆ, ಅರ್ಜಿ ಬರಿ ಅಂತಾರೆ. ಪೇಪರಿಗೆ ಇನ್ನೂ ಒಂದು ಫಿಗರ್ ಬಾಕಿ. ಯಾವುದನ್ನ ಮೊದಲು ಹಿಡೀಲಿ?

ಎಂಟನೇ_ತಾರೀಕು: ಬರೀರಿ, ಆದರೆ ಬರೆಯೋದು ಅಂದರೆ ಏನು ಅಂತ ತಿಳ್ಕೊಂಡು ಬರೀರಿ. ನನಗೆ ಗೊತ್ತಿರೋದು ಎಫ್31, ಅಂದರೆ ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಕೊಡೋ ಫೆಲೋಶಿಪ್. ಅದರ ಗಡುವು ಏಪ್ರಿಲ್ 8, ಆಗಸ್ಟ್ 8, ಡಿಸೆಂಬರ್ 8, ವರ್ಷಕ್ಕೆ ಮೂರೇ ಸಲ. ಡಿಸೆಂಬರಿನಲ್ಲಿ ಹಾಕಿದರೆ ಫೆಬ್ರವರಿ–ಮಾರ್ಚಿನಲ್ಲಿ ವಿಮರ್ಶೆ, ದುಡ್ಡು ಶುರುವಾಗೋದು ಬೇಗ ಅಂದರೂ ಜುಲೈಗೆ. ಏಪ್ರಿಲಿನಲ್ಲಿ ಹಾಕಿ ಬಿದ್ದರೆ ಆಗಸ್ಟಿಗೆ ತಿದ್ದಿ ಹಾಕೋದು ಬಹಳ ಕಷ್ಟ. ಸಮರಿ ಸ್ಟೇಟ್‌ಮೆಂಟ್ (ವಿಮರ್ಶಕರ ಲಿಖಿತ ಅಭಿಪ್ರಾಯ) ಕೈಗೆ ಬರದೆ ಮರುಸಲ್ಲಿಕೆ ಮಾಡೋ ಹಾಗಿಲ್ಲ, ಅದು ಬರೋ ಹೊತ್ತಿಗೆ ಜುಲೈ ಮುಗೀತಾ ಇರುತ್ತೆ. ಹಾಗಾಗಿ ಡಿಸೆಂಬರ್. ಅಲ್ಲಿಗೆ ಒಂದು ವರ್ಷ ಹೋಯ್ತು.

ಬೀಳೋದು ಎಲ್ಲಿ ಗೊತ್ತಾ? ಏಮ್ಸ್ ಪುಟದಲ್ಲಿ, ಅಂದರೆ ಸಂಶೋಧನೆಯ ಗುರಿಗಳನ್ನ ಹೇಳೋ ಪುಟದಲ್ಲಿ. ಏಮ್ 1ರಲ್ಲಿ ಪ್ರೋಟೀನ್ ಸಿಕ್ಕರೆ ಮಾತ್ರ ಏಮ್ 2 ನಡೆಯುತ್ತೆ ಅನ್ನೋ ಹಾಗೆ ಬರೆದಿದ್ದರೆ ವಿಮರ್ಶಕರು ಮೊದಲ ಪುಟದಲ್ಲೇ ಹಿಡೀತಾರೆ. ಎರಡೂ ಸ್ವತಂತ್ರವಾಗಿ ನಿಲ್ಲಬೇಕು. ಎರಡನೇದು ರೆಫರೆನ್ಸ್ ಪತ್ರ: ಕನಿಷ್ಠ ಮೂರು, ಗೈಡ್‌ದು ಅದರಲ್ಲಿ ಸೇರಲ್ಲ, ಪತ್ರ ಬರೆದವರೇ ಎನ್‌ಐಎಚ್‌ನ ಆನ್‌ಲೈನ್ ವ್ಯವಸ್ಥೆ ಇರಾ ಕಾಮನ್ಸ್‌ಗೆ ನೇರ ಏರಿಸಬೇಕು, ಕೊನೇ ದಿನ ಸಂಜೆ 5ರ ಒಳಗೆ. ಒಂದು ಪತ್ರ ತಪ್ಪಿದರೂ ಅರ್ಜಿ ವಿಮರ್ಶೆಗೇ ಹೋಗದೆ ಉಳಿಯಬಹುದು. ಮೂರನೇದು ಗೈಡ್. ಹೊಸ ಅಸಿಸ್ಟೆಂಟ್ ಪ್ರೊಫೆಸರ್ ಆಗಿ, ಅವರ ಕೈಲಿ ಯಾರೂ ಪಿಎಚ್‌ಡಿ ಮುಗಿಸಿಲ್ಲದಿದ್ದರೆ, ಪಳಗಿದ ಕೋ-ಸ್ಪಾನ್ಸರ್ (ಜೊತೆ ಮಾರ್ಗದರ್ಶಕರು) ಇಲ್ಲದೆ ಹೋಗಲೇಬೇಡಿ. 2025ರಿಂದ ವಿಮರ್ಶೆಯ ಮಾನದಂಡ ಮೂರಕ್ಕೆ ಇಳಿದಿದೆ, ಅದರಲ್ಲೊಂದು ಪೂರ್ತಿ ಮಾರ್ಗದರ್ಶಕರು ಮತ್ತು ತರಬೇತಿ ವಾತಾವರಣದ ಮೇಲೇ ನಿಂತಿದೆ.

ಜಯನಗರ_4ನೇಬ್ಲಾಕ್: ಅವರು ಎಫ್-1 ಅಂತ ಮೊದಲ ಸಾಲಲ್ಲೇ ಬರೆದಿದ್ದಾರೆ. ಎಫ್31 ಪೌರರಿಗೆ, ಗ್ರೀನ್ ಕಾರ್ಡ್ ಇದ್ದವರಿಗೆ ಮಾತ್ರ. ಇಷ್ಟುದ್ದ ಬರೆಯೋ ಮೊದಲು ಪ್ರಶ್ನೆ ಓದಬಾರದಾ?

ಎಂಟನೇ_ತಾರೀಕು: ಓದಿದ್ದೀನಿ. ಅವಾರ್ಡ್ ಕೊಡೋ ಹೊತ್ತಿಗೆ ಗ್ರೀನ್ ಕಾರ್ಡ್ ಇದ್ದರೂ ಸಾಕು, ಅದು ನಿಮಗೆ ಗೊತ್ತಿತ್ತಾ? ಏಮ್ಸ್ ಬರೆಯೋ ಕ್ರಮ ಎಲ್ಲಾ ಕಡೆ ಒಂದೇ.

ಜಯನಗರ_4ನೇಬ್ಲಾಕ್: ಒಂದೇ ಅಲ್ಲ. ಎಎಚ್‌ಎ ಎಫ್-1ನವರಿಗೆ ಬಾಗಿಲು ತೆರೆದಿಟ್ಟಿರೋ ಕೆಲವೇ ಕೆಲವು ಕಡೆಗಳಲ್ಲಿ ಒಂದು, ಅದರ ರೀತಿಯೇ ಬೇರೆ. ಅರ್ಜಿ ಹಾಕೋದು ಪ್ರಪೋಸಲ್ ಸೆಂಟ್ರಲ್ ವೆಬ್‌ಸೈಟಿನಲ್ಲಿ. ಸಲ್ಲಿಸೋ ಹೊತ್ತಿಗೆ ಎಎಚ್‌ಎ ಸದಸ್ಯತ್ವ ಚಾಲ್ತಿಯಲ್ಲಿರಬೇಕು. ಜನಸಾಮಾನ್ಯರಿಗೆ ಅರ್ಥವಾಗೋ ಸಾರಾಂಶ ಬೇಕು, ಅದನ್ನ ಕೊನೇ ರಾತ್ರಿಗೆ ಬಿಡಬೇಡಿ. ಯೂನಿವರ್ಸಿಟಿಯ ಗ್ರಾಂಟ್ಸ್ ಆಫೀಸು ಹೊರಗಿನ ಗಡುವಿಗಿಂತ ಎಷ್ಟೋ ಕೆಲಸದ ದಿನ ಮೊದಲೇ ಪೂರ್ತಿ ಅರ್ಜಿ ಕೇಳುತ್ತೆ, ನಿಜವಾದ ಗಡುವು ಅದೇ.

ಇನ್ನು ಮೈಟೊಕಾಂಡ್ರಿಯಾ ಅಂದ್ರಲ್ಲ, ವಿಮರ್ಶಕರು ಕೈ ಇಡೋದು ಸೀಹಾರ್ಸ್ (ಕೋಶಗಳ ಆಮ್ಲಜನಕ ಬಳಕೆ ಅಳೆಯೋ ಯಂತ್ರ) ದತ್ತಾಂಶದ ಮೇಲೆ. ಆಲಿಗೊಮೈಸಿನ್, ಆಮೇಲೆ ಎಫ್‌ಸಿಸಿಪಿ, ಆಮೇಲೆ ರೊಟಿನೋನ್–ಆಂಟಿಮೈಸಿನ್ ಅಂತ ಕೋಶದ ಉಸಿರಾಟವನ್ನ ಏರಿಳಿಸೋ ರಾಸಾಯನಿಕಗಳನ್ನ ಸಾಲಾಗಿ ಹಾಕೋದು ಎಲ್ಲರಿಗೂ ಗೊತ್ತು. ಎಫ್‌ಸಿಸಿಪಿಯನ್ನ ನಿಮ್ಮ ಕೋಶಕ್ಕೆ, ನಿಮ್ಮ ಸಾಂದ್ರತೆಗೆ ಟೈಟ್ರೇಟ್ ಮಾಡಿದ (ಬೇರೆ ಬೇರೆ ಪ್ರಮಾಣ ಹಾಕಿ ಸರಿಯಾದದ್ದು ಕಂಡುಕೊಂಡ) ಗ್ರಾಫ್ ಇಟ್ಟಿದ್ದೀರಾ? ಹೆಚ್ಚಾದರೆ ಉಸಿರಾಟ ಏರೋ ಬದಲು ಕುಸಿಯುತ್ತೆ, ನೋಡಿದವರು ‘ಸ್ಪೇರ್ ಕೆಪಾಸಿಟಿ (ಮೀಸಲು ಉಸಿರಾಟ ಶಕ್ತಿ) ಕಮ್ಮಿ’ ಅಂತ ತಪ್ಪು ತೀರ್ಮಾನಕ್ಕೆ ಬರ್ತಾರೆ. ಪ್ಲೇಟಿನ ಪ್ರತಿ ಬಾವಿಯ (ಕೋಶ ಬೆಳೆಸೋ ಗುಳಿಯ) ಕೋಶಸಂಖ್ಯೆಗೋ ಪ್ರೋಟೀನಿಗೋ ಸರಿಹೊಂದಿಸಿರಬೇಕು. n (ಸ್ವತಂತ್ರ ಮಾದರಿಗಳ ಸಂಖ್ಯೆ) ಅಂದರೆ ಪ್ರಾಣಿ, ಅಥವಾ ಬೇರೆ ಬೇರೆ ದಿನದ ಡಿಫರೆನ್ಸಿಯೇಷನ್ (ಕಾಂಡಕೋಶದಿಂದ ಹೃದಯಕೋಶ ಮಾಡೋದು). ಒಂದೇ ಪ್ಲೇಟಿನ ಎಂಟು ಬಾವಿ ತೋರಿಸಿ n=8 ಅಂದರೆ ಅರ್ಜಿ ಅಲ್ಲಿಗೇ ಮುಗೀತು. ಐಪಿಎಸ್‌ನಿಂದ (ಪ್ರಯೋಗಾಲಯದಲ್ಲಿ ತಯಾರಿಸಿದ ಕಾಂಡಕೋಶದಿಂದ) ಮಾಡಿದ ಹೃದಯಕೋಶ ಆದರೆ ಇನ್ನೊಂದು ಮಾತು ಬರುತ್ತೆ: ಅವು ಎಳೇ ಕೋಶ, ಗ್ಲೂಕೋಸ್ ಮೇಲೆ ಬದುಕ್ತವೆ. ಬೆಳೆದ ಹೃದಯ ಹೆಚ್ಚಾಗಿ ಕೊಬ್ಬಿನಾಮ್ಲ ಸುಡುತ್ತೆ. ಪಾಲ್ಮಿಟೇಟ್ (ಒಂದು ಕೊಬ್ಬಿನಾಮ್ಲ) ಇರೋ ಮಾಧ್ಯಮದಲ್ಲಿ ಒಂದಾದರೂ ಪ್ರಯೋಗ ಇಡಿ. ಆ ಬಾಕಿ ಫಿಗರ್ ಇದೇ ಆಗಿದ್ದರೆ ಪೇಪರಿಗೂ ಅರ್ಜಿಗೂ ಒಂದೇ ಕೆಲಸ.

ಲೆಕ್ಕದ_ಚೀಟಿ: ದುಡ್ಡಿನ ಮಾತು ಯಾರೂ ಆಡ್ತಿಲ್ಲ. ಫೆಲೋಶಿಪ್ ಬಂದ ದಿನದಿಂದ ನೀವು ಸಂಬಳದ ಪಟ್ಟಿಯಿಂದ ಹೊರಗೆ ಹೋಗಬಹುದು. ಸಂಬಳದ ತೆರಿಗೆ ಚೀಟಿ ಡಬ್ಲ್ಯೂ-2 ನಿಂತು, ವಿದೇಶಿಯರ ಆದಾಯದ ಚೀಟಿ 1042-ಎಸ್ ಬರುತ್ತೆ. ಎಫ್-1ನವರಿಗೆ ತೆರಿಗೆ ಬೀಳೋ ಸ್ಕಾಲರ್‌ಶಿಪ್ ಮೇಲೆ 14% ಮೊದಲೇ ಕಡಿತ. 2024ರ ಎನ್‌ಐಎಚ್ ವಾರ್ಷಿಕ ಸ್ಟೈಪೆಂಡ್ ದರ 28,224 ಡಾಲರ್ ಹಿಡಿದರೆ ಸುಮಾರು 3,951 ಹೋಯ್ತು. ಭಾರತ–ಅಮೆರಿಕ ತೆರಿಗೆ ಒಪ್ಪಂದದ 21ನೇ ವಿಧಿಯ ಪ್ರಕಾರ ನಮ್ಮ ವಿದ್ಯಾರ್ಥಿಗಳಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ ಸಿಗುತ್ತೆ, ಬೇರೆ ಹೆಚ್ಚಿನ ದೇಶದವರಿಗೆ ಇಲ್ಲ. ಆ ವರ್ಷ ಅದು 14,600. ಉಳಿದ 13,624ಕ್ಕೆ ಫೆಡರಲ್ ತೆರಿಗೆ ಸುಮಾರು 1,403. ಅಂದರೆ ಎರಡೂವರೆ ಸಾವಿರ ಡಾಲರ್ ವಾಪಸ್ ಬರಬೇಕು, ಆದರೆ 1040-ಎನ್‌ಆರ್ ತೆರಿಗೆ ರಿಟರ್ನ್ ಹಾಕಿದ ಮೇಲೆ. ಅಲ್ಲೀತನಕ ಬಾಡಿಗೆ ಕಟ್ಟೋರು ನೀವು. ರಾಜ್ಯದ ತೆರಿಗೆ ಬೇರೆ. ಆರೋಗ್ಯ ವಿಮೆ ನೌಕರರ ಯೋಜನೆಯಲ್ಲೇ ಉಳಿಯುತ್ತಾ ಅಂತ ಲಿಖಿತವಾಗಿ ಕೇಳ್ಕೊಳ್ಳಿ.

ಹುಬ್ಬಳ್ಳಿ_ಪಿಪೆಟ್: ತಪ್ಪು ಹೇಳಬ್ಯಾಡ್ರಿ. ಫೆಲೋಶಿಪ್ಪಿಗೆ ಕಡಿತನೇ ಇರಂಗಿಲ್ಲ. ನಾವೇ ಮುಂಗಡ ತೆರಿಗೆಯ 1040-ಇಎಸ್ ತುಂಬಿ ಏಪ್ರಿಲ್ 15, ಜೂನ್ 15, ಸೆಪ್ಟೆಂಬರ್ 15, ಜನವರಿ 15ಕ್ಕ ಕಟ್ಟಬೇಕು. ಕಟ್ಟಲಿಲ್ಲ ಅಂದ್ರ ದಂಡ ಬೀಳ್ತದ. 14% ಅಂತ ಹೇಳಿ ಹುಡುಗೀನ ಯಾಕ ಹೆದರಸ್ತೀರಿ?

ಲೆಕ್ಕದ_ಚೀಟಿ: ನೀವು ಹೇಳ್ತಿರೋದು ತೆರಿಗೆಯ ಲೆಕ್ಕದಲ್ಲಿ ರೆಸಿಡೆಂಟ್ ಆದವರದ್ದು. ಎಫ್-1ನವರು ಮೊದಲ ಐದು ಕ್ಯಾಲೆಂಡರ್ ವರ್ಷ ನಾನ್-ರೆಸಿಡೆಂಟ್. ಇವರು ಮೂರನೇ ವರ್ಷದಲ್ಲಿದ್ದಾರೆ. ಡಿಸೆಂಬರ್ 31ಕ್ಕೆ ಬಂದಿಳಿದಿದ್ದರೂ ಆ ವರ್ಷ ಪೂರ್ತಿ ಒಂದು ಅಂತ ಲೆಕ್ಕ. ಹೆದರಿಸ್ತಿಲ್ಲ, ಲೆಕ್ಕ ಹೇಳ್ತಿದ್ದೀನಿ.

ಹುಬ್ಬಳ್ಳಿ_ಪಿಪೆಟ್: ಹಂಗಿದ್ರ ಮೊದಲ ಸಾಲಿನ್ಯಾಗ ‘ನಾನ್-ರೆಸಿಡೆಂಟ್’ ಅಂತ ಬರೀಬೇಕಿತ್ರಿ. ಇಬ್ಬರದೂ ಖರೇ ಅದ, ಓದಿದವರು ಗೊಂದಲ ಆಗ್ತಾರ. ಮತ್ತ ಒಂದು ಮಾತು: ಈ ಅರ್ಜಿ ಬರಸೋದು ಗೈಡಿಗೆ ರೊಕ್ಕ ಉಳೀಲಿ ಅಂತ. ವಿದ್ಯಾರ್ಥಿಗೆ ಒಂದು ಪೈಸೆ ಜಾಸ್ತಿ ಬರಂಗಿಲ್ಲ.

ಬೆಂಚ್_ಬಿಟ್ಟವರು: ಅದು ಅರ್ಧ ಸತ್ಯ. ಗೈಡ್‌ಗಳು ಲ್ಯಾಬ್ ನಡೆಸೋ ಎನ್‌ಐಎಚ್‌ನ ಮಾಡ್ಯುಲರ್ ಆರ್01 ಗ್ರಾಂಟ್ ಅಂದರೆ ವರ್ಷಕ್ಕೆ ಹೆಚ್ಚೆಂದರೆ 2,50,000 ಡಾಲರ್ ನೇರ ವೆಚ್ಚ, ಅದರಲ್ಲಿ ಒಬ್ಬ ಪೋಸ್ಟ್‌ಡಾಕ್ (ಪಿಎಚ್‌ಡಿ ಮುಗಿಸಿದ ಸಂಶೋಧಕ), ಇಬ್ಬರು ವಿದ್ಯಾರ್ಥಿಗಳು, ಇಲಿಗಳ ದಿನವಹಿ ಬಾಡಿಗೆ ಕಳೆದರೆ ಆಂಟಿಬಾಡಿಗೆ ಉಳಿಯೋದು ಕಮ್ಮಿ. ಒಬ್ಬರ ಸ್ಟೈಪೆಂಡ್ ಹೊರಗಿನಿಂದ ಬಂದರೆ ಆ ದುಡ್ಡು ಅದೇ ವಿದ್ಯಾರ್ಥಿಯ ಸೀಕ್ವೆನ್ಸಿಂಗ್‌ಗೆ ಸಿಗುತ್ತೆ. ಎಫ್31 ಬಂದವರ ಸ್ಟೈಪೆಂಡನ್ನು ಸ್ಕೂಲಿನ ದರಕ್ಕೆ ತುಂಬಲು ಆರ್01 ದುಡ್ಡು ಬಳಸೋ ಹಾಗಿಲ್ಲ, ಅದನ್ನ ಫೆಡರಲ್ ಅಲ್ಲದ ಮೂಲದಿಂದ ತರಬೇಕು. ಎಎಚ್‌ಎಗೆ ಆ ಎನ್‌ಐಎಚ್ ನಿಯಮ ಅನ್ವಯಿಸಲ್ಲ. ವ್ಯತ್ಯಾಸ ಯಾರು ತುಂಬ್ತಾರೆ ಅಂತ ಗೈಡ್ ಹತ್ತಿರ ಅರ್ಜಿಗೆ ಮೊದಲೇ ಮಾತಾಡಬೇಕು, ಅವಾರ್ಡ್ ಪತ್ರ ಬಂದ ಮೇಲಲ್ಲ.

ಆ ಸಾಧನೆ ಪಟ್ಟಿ ಯಾಕೆ ಇಷ್ಟು ಜೋರಾಗಿ ಹಾಕ್ತಾರೆ ಅನ್ನೋದೂ ತಿಳಿದಿರಲಿ. ಟಿ32 ತರಬೇತಿ ಗ್ರಾಂಟ್ ನವೀಕರಿಸುವಾಗ ಸ್ಕೂಲು ವಿದ್ಯಾರ್ಥಿಗಳ ಪೇಪರ್‌ಗಳ ಕೋಷ್ಟಕ, ಮುಗಿಸಿದವರು ಈಗೆಲ್ಲಿದ್ದಾರೆ ಅನ್ನೋ ಕೋಷ್ಟಕ, ಎಲ್ಲ ಎನ್‌ಐಎಚ್‌ಗೆ ಕೊಡಬೇಕು. ಪೇಪರ್ ಕೋಷ್ಟಕದಲ್ಲಿ ನಿಮ್ಮ ಹೆಸರು ದಪ್ಪಕ್ಷರದಲ್ಲಿ ಬರುತ್ತೆ. ಮೊದಲ ಲೇಖಕರ ಪೇಪರ್ ಇಲ್ಲದ ಫೆಲೋಶಿಪ್ ಆ ಪಟ್ಟಿಯಲ್ಲಿ ಒಂದು ಸಾಲು. ಮುಂದೆ ಪೋಸ್ಟ್‌ಡಾಕ್‌ಗಳಿಗಿರೋ ಎನ್‌ಐಎಚ್‌ನ ಕೆ99 ಗ್ರಾಂಟಿಗೆ ಹೋದಾಗ ಪೇಪರ್ ಇಲ್ಲದಿದ್ದರೆ ಆ ಸಾಲು ನಿಮ್ಮನ್ನ ಎತ್ತಲ್ಲ. ಕೆ99ಗೆ ಪೌರತ್ವದ ಅಡ್ಡಿ ಇಲ್ಲ, ಆದರೆ ಪೋಸ್ಟ್‌ಡಾಕ್ ನಾಲ್ಕು ವರ್ಷ ದಾಟಬಾರದು, ಮರುಸಲ್ಲಿಕೆಯೂ ಅದರೊಳಗೇ. ಪಿಎಚ್‌ಡಿ ಪೇಪರ್ ಪೋಸ್ಟ್‌ಡಾಕ್‌ಗೆ ಎಳೆದುಕೊಂಡು ಹೋದವರಿಗೆ ಆ ಗಡಿಯಾರ ಆಗಲೇ ಓಡ್ತಿರುತ್ತೆ.

ಯಲಹಂಕ_ಜೆಆರ್‌ಎಫ್: ಇಲ್ಲಿ ಭಾರತದಲ್ಲಿ 2023ರ ಜನವರಿಯಿಂದ ಸಂಶೋಧನಾ ಫೆಲೋಶಿಪ್ ತಿಂಗಳಿಗೆ, ಕಿರಿಯರಿಗೆ (ಜೆಆರ್‌ಎಫ್) 37,000 ರೂಪಾಯಿ, ಹಿರಿಯರಿಗೆ (ಎಸ್‌ಆರ್‌ಎಫ್) 42,000. ಅದೂ ತಿಂಗಳುಗಟ್ಟಲೆ ತಡ. ನೀವು 14% ಕಡಿತಕ್ಕೆ ಜಗಳ ಆಡ್ತಿದ್ದೀರಿ.

ಜಯನಗರ_4ನೇಬ್ಲಾಕ್: ಪಿಎಂಆರ್‌ಎಫ್ (ಪ್ರಧಾನಮಂತ್ರಿ ಸಂಶೋಧನಾ ಫೆಲೋಶಿಪ್) ಬಂದವರಿಗೆ 70,000ದಿಂದ ಶುರು, ವರ್ಷಕ್ಕೆ 2 ಲಕ್ಷ ಸಂಶೋಧನಾ ಅನುದಾನ ಬೇರೆ. ಅದನ್ನೂ ಹೇಳಿ.

ಯಲಹಂಕ_ಜೆಆರ್‌ಎಫ್: ಎಷ್ಟು ಜನಕ್ಕೆ ಸಿಗುತ್ತೆ ಅದು? ಒಂದೇ ಬೆಂಚಲ್ಲಿ ಅಕ್ಕಪಕ್ಕ ಕೂತು ಒಂದೇ ಪಿಸಿಆರ್ ಮಾಡೋ ಇಬ್ಬರಿಗೆ ಒಬ್ಬರಿಗೆ 37, ಇನ್ನೊಬ್ಬರಿಗೆ 70. ಇದನ್ನ ಸಾಧನೆ ಅಂತ ಪಟ್ಟಿ ಮಾಡಿದರೆ ಹೊಟ್ಟೆ ಉರಿಯುತ್ತೆ.

ಎಂಟನೇ_ತಾರೀಕು: ವಿಷಯ ಎಲ್ಲಿಗೋ ಹೋಯ್ತು. ಪ್ರಶ್ನೆ ಎಎಚ್‌ಎ.

ಮಲೆನಾಡ_ಕೋಶ: ಎಲ್ಲರಿಗೂ ಧನ್ಯವಾದ. ಟೈಟ್ರೇಷನ್ ಗ್ರಾಫ್ ಇದೆ, ಪಾಲ್ಮಿಟೇಟ್ ಪ್ರಯೋಗ ಇಲ್ಲ. ಅದನ್ನೇ ಮೊದಲು ಮಾಡ್ತೀನಿ. ಬಿಎಸ್‌ಎ ಅನ್ನೋ ಪ್ರೋಟೀನಿಗೆ ಕಟ್ಟಿದ ಪಾಲ್ಮಿಟೇಟ್ ನಾವೇ ಮಾಡಬಹುದಾ?

ಜಯನಗರ_4ನೇಬ್ಲಾಕ್: ಮಾಡಬಹುದು. ಕೊಬ್ಬಿನಾಮ್ಲ ಇಲ್ಲದ ಬಿಎಸ್‌ಎನೇ ತಗೊಳ್ಳಿ. ಸೋಡಿಯಂ ಪಾಲ್ಮಿಟೇಟನ್ನ 70 ಡಿಗ್ರಿಯಲ್ಲಿ ಪೂರ್ತಿ ಕರಗಿಸಿ, 37 ಡಿಗ್ರಿಯ ಬಿಎಸ್‌ಎಗೆ ಕಲಕುತ್ತಾ ಸ್ವಲ್ಪ ಸ್ವಲ್ಪ ಹಾಕಿ, ಮೋಲಾರ್ ಅನುಪಾತ 6:1 ದಾಟದಿರಲಿ. ಬಿಳಿ ಮಬ್ಬು ಕಂಡರೆ ಬ್ಯಾಚ್ ಎಸೆದುಬಿಡಿ. ಬರೀ ಬಿಎಸ್‌ಎ ಕಂಟ್ರೋಲ್ ಪ್ರತಿ ಪ್ಲೇಟಲ್ಲೂ ಇರಲಿ. ಒಂದು ಬಾವಿಸಾಲಿಗೆ ಎಟೊಮೊಕ್ಸಿರ್ (ಕೊಬ್ಬಿನಾಮ್ಲ ಸುಡೋದನ್ನ ತಡೆಯೋ ಔಷಧ) ಹಾಕಿ, ಆದರೆ ಕಡಿಮೆ ಪ್ರಮಾಣದಲ್ಲಿ. ಹೆಚ್ಚಾದರೆ ಅದು ಮೈಟೊಕಾಂಡ್ರಿಯಾದ ಉಸಿರಾಟ ಸರಪಳಿಯ ಕಾಂಪ್ಲೆಕ್ಸ್ 1ನ್ನೂ ತಡೆಯುತ್ತೆ, ವಿಮರ್ಶಕರು ಅದನ್ನ ಕೇಳೇ ಕೇಳ್ತಾರೆ.