ಚಾಕೊಲೇಟ್ ಸಿಸ್ಟ್ ಇದೆ, ಎಎಂಎಚ್ ಕಡಿಮೆ: ಮೊದಲು ಆಪರೇಷನ್ನಾ, ಐವಿಎಫ್ಫಾ?

ಬದಿಯಡ್ಕದಿಂದ ಕೇಳಿದ್ದು: ನನಗೆ 33. ಎರಡೂ ಅಂಡಾಶಯದಲ್ಲಿ ಚಾಕೊಲೇಟ್ ಸಿಸ್ಟ್ (ಎಂಡೊಮೆಟ್ರಿಯೋಸಿಸ್ ಕಾಯಿಲೆಯಲ್ಲಿ ಹಳೆ ರಕ್ತ ತುಂಬಿ ಆಗುವ ಗಂಟು), ಎಎಂಎಚ್ (ಉಳಿದ ಅಂಡಾಣುಗಳ ಅಂದಾಜು ಕೊಡುವ ರಕ್ತ ಪರೀಕ್ಷೆ) 0.8. ಒಬ್ಬ ಡಾಕ್ಟರ್ ಮೊದಲು ಲ್ಯಾಪ್ರೋಸ್ಕೋಪಿ (ಸಣ್ಣ ರಂಧ್ರದ ಆಪರೇಷನ್) ಮಾಡಿ ಸಿಸ್ಟ್ ತೆಗೆಸಿ ಅನ್ನುತ್ತಾರೆ, ಇನ್ನೊಬ್ಬರು ನೇರ ಐವಿಎಫ್ (ಟೆಸ್ಟ್ ಟ್ಯೂಬ್ ಬೇಬಿ ಚಿಕಿತ್ಸೆ). ಅನುಭವ ಇದ್ದವರು ಹೇಳುತ್ತೀರಾ?

ಕುಂಬಳೆಯಿಂದ: ನನಗೂ ಎರಡೂ ಕಡೆ ಇತ್ತು. ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ತೆಗೆಸಿದೆವು. ಅದಕ್ಕೆ ಮುಂಚೆ ಎಎಂಎಚ್ ನೋಡೋಣ ಅಂತ ಅಲ್ಲಿ ಯಾರೂ ಹೇಳಲಿಲ್ಲ. ಆಮೇಲೆ ನೋಡಿದರೆ ನಿಮ್ಮದಕ್ಕಿಂತಲೂ ಕಡಿಮೆ. ಸಿಸ್ಟಿನ ಗೋಡೆ ಸುಲಿಯುವಾಗ ಅದಕ್ಕೆ ಅಂಟಿಕೊಂಡ ಒಳ್ಳೆಯ ಅಂಡಾಣುಗಳೂ ಒಂದಿಷ್ಟು ಹೋಗುತ್ತವೆ, ಎರಡೂ ಕಡೆ ಆದರೆ ನಷ್ಟ ಜಾಸ್ತಿ. ಐವಿಎಫ್ ಫಲ ಕೊಡಲಿ ಅಂತ ಮಾತ್ರ ಸಿಸ್ಟ್ ತೆಗೆಸುವುದನ್ನು ರೂಢಿ ಮಾಡಬೇಡಿ ಅಂತ ಯುರೋಪಿನ ತಜ್ಞರ ಸಂಘ ಇಎಸ್‌ಎಚ್‌ಆರ್‌ಇ 2022ರ ಮಾರ್ಗಸೂಚಿಯಲ್ಲೇ ಹೇಳಿದೆ. ತಡೆಯಲಾಗದ ನೋವು, ಸ್ಕ್ಯಾನ್‌ನಲ್ಲಿ ಕ್ಯಾನ್ಸರ್ ಅನುಮಾನ, ಅಂಡಾಣು ತೆಗೆಯಲು ಸೂಜಿಗೆ ದಾರಿಯೇ ಇಲ್ಲ ಅನ್ನುವ ಹಾಗಿದ್ದರೆ ಮಾತು ಬೇರೆ. ಆಗಲೂ ಮೊದಲು ಅಂಡಾಣು ಅಥವಾ ಭ್ರೂಣ ಫ್ರೀಜ್ ಮಾಡಿಡಬಹುದಾ ಅಂತ ಕೇಳಿ. ಒಂದು ಸಲಕ್ಕೆ ಸಿಗುವುದು ಕಡಿಮೆ ಆದ್ದರಿಂದ ಎರಡು ಮೂರು ಸೈಕಲ್‌ನದ್ದು (ಇಂಜೆಕ್ಷನ್‌ನಿಂದ ಅಂಡಾಣು ತೆಗೆಯುವವರೆಗಿನ ಒಂದು ಸುತ್ತು) ಕೂಡಿಸಿಡುವವರೂ ಇದ್ದಾರೆ. ಖರ್ಚು ಸೈಕಲ್ ಲೆಕ್ಕದಲ್ಲೇ ಏರುತ್ತದೆ, ಅದನ್ನು ಮೊದಲೇ ಬರೆಸಿಕೊಳ್ಳಿ.

ಇನ್ನೊಂದು, ಈ ಕಾಯಿಲೆಗೆ ಕೊಡುವ ಡೈನೊಜೆಸ್ಟ್ ಅನ್ನುವ ಹಾರ್ಮೋನ್ ಮಾತ್ರೆ. ನೋವಿಗೆ ಒಳ್ಳೆಯದೇ. ಆದರೆ ಅದು ಅಂಡಾಣು ಬಿಡುಗಡೆಯನ್ನೇ ತಡೆಯುತ್ತದೆ. ಮಗು ಬೇಕು ಅನ್ನುವಾಗ ಅದನ್ನು ತಿನ್ನುತ್ತಾ ತಿಂಗಳುಗಟ್ಟಲೆ ಕಾಯುವುದು ಸುಮ್ನೆ ಸಮಯ ಹಾಳು.

ಮಂಜೇಶ್ವರದಿಂದ: ಎಎಂಎಚ್ ನೋಡಿ ಹೆದರಬೇಡಿ. ಅದು ಹೇಳುವುದು ಅಂಡಾಣು ಎಷ್ಟು ಉಳಿದಿವೆ ಅಂತ, ಹೇಗಿವೆ ಅಂತ ಅಲ್ಲ. ಗುಣಕ್ಕೆ ವಯಸ್ಸೇ ಮುಖ್ಯ, ನಿಮಗೆ 33 ಅಲ್ವಾ. ಗಂಡನ ವೀರ್ಯ ಪರೀಕ್ಷೆ ಆಗಿದೆಯಾ? ನಮ್ಮ ಕಡೆ ಅದನ್ನು ಕೊನೆಗೆ ಮಾಡಿಸುತ್ತಾರೆ, ಅತ್ತೆಯಂದಿರಿಗೆ ಅದರ ಹೆಸರು ಹೇಳಿದರೇ ಸಿಟ್ಟು. ಟ್ಯೂಬ್ ತೆರೆದಿದ್ದು, ಕಾಯಿಲೆ ಸೌಮ್ಯ ಇದ್ದರೆ ಐಯುಐ (ವೀರ್ಯವನ್ನು ನೇರ ಗರ್ಭಕೋಶಕ್ಕೆ ಬಿಡುವುದು) ಕೂಡ ಒಂದು ದಾರಿ. ಎರಡೂ ಕಡೆ ಸಿಸ್ಟ್ ಇರುವ ನಿಮಗೆ ಅದರಲ್ಲಿ ವರ್ಷ ಕಳೆಯಿರಿ ಅಂತ ನಾನಂತೂ ಹೇಳಲಾರೆ.

ಮುಳ್ಳೇರಿಯದಿಂದ: ಐವಿಎಫ್ ಮಂಗಳೂರಿನಲ್ಲಿ ಮಾಡಿಸುವುದಾದರೆ ಇಂಜೆಕ್ಷನ್ ಸಾಮಾನ್ಯವಾಗಿ ಹತ್ತು ಹನ್ನೆರಡು ದಿನ, ನಡುನಡುವೆ ಸ್ಕ್ಯಾನ್. ಸ್ಕ್ಯಾನಿಗೆ ಹೋಗಲೇಬೇಕು, ಇಂಜೆಕ್ಷನ್ ಮನೆ ಹತ್ತಿರದ ನರ್ಸ್ ಕೊಡಬಹುದು. ಕೆಲವನ್ನು 2ರಿಂದ 8 ಡಿಗ್ರಿಯಲ್ಲೇ ಇಡಬೇಕು, ರೈಲಿನಲ್ಲಿ ತರುವಾಗ ಐಸ್ ಪ್ಯಾಕ್ ಮರೆಯಬೇಡಿ. ಅಂಡಾಣು ಪಕ್ವವಾಗಲು ಕೊಡುವ ಕೊನೆಯ ಟ್ರಿಗರ್ ಇಂಜೆಕ್ಷನ್ ಹೇಳಿದ ಗಂಟೆಗೇ ಆಗಬೇಕು. ಸುಮಾರು 36 ಗಂಟೆ ಬಿಟ್ಟು ಅಂಡಾಣು ತೆಗೆಯುತ್ತಾರೆ, ಆ ರಾತ್ರಿ ಮಂಗಳೂರಿನಲ್ಲೇ ಉಳಿದರೆ ಒಳ್ಳೆಯದು.

ನನ್ನದು ಕೊನೆಗೆ ದಾನಿಯ ಅಂಡಾಣುವಿನಿಂದ ಆದದ್ದು. ಐವಿಎಫ್‌ನಂಥ ಚಿಕಿತ್ಸೆಗಳಿಗೆ ಇರುವ 2021ರ ಎಆರ್‌ಟಿ ಕಾನೂನಿನ ಪ್ರಕಾರ ದಾನಿಗೆ 23ರಿಂದ 35 ವಯಸ್ಸಿರಬೇಕು, ಜೀವನದಲ್ಲಿ ಒಂದೇ ಸಲ ಕೊಡಬಹುದು. ಆದ್ದರಿಂದ ಕಾಯಬೇಕಾಗುತ್ತದೆ. ನಿಮಗೆ ಈಗಲೇ ಅದರ ಯೋಚನೆ ಬೇಡ. ಸ್ಕ್ಯಾನ್‌ನಲ್ಲಿ ಎಎಫ್‌ಸಿ (ಅಂಡಾಶಯದಲ್ಲಿ ಕಾಣುವ ಸಣ್ಣ ಅಂಡಾಣು ಚೀಲಗಳ ಎಣಿಕೆ) ಎಷ್ಟು ಬಂತು, ಸಿಸ್ಟ್ ಎಷ್ಟು ಸೆಂಟಿಮೀಟರ್ ಅಂತ ಬರೆಯಿರಿ.