ಸಿಗ್ನಲ್ ಇಲ್ಲದಿದ್ದರೂ ಎಂಟ್ರೊಪಿ ಯಾಕೆ ಬೀಳುತ್ತದೆ?

ಚಟಪಟ:
7 ಮೆಗಾಹರ್ಟ್ಸ್ ಹ್ಯಾಮ್ (ಹವ್ಯಾಸಿ ರೇಡಿಯೋ) ಬ್ಯಾಂಡಿನಲ್ಲಿ ಸಣ್ಣಗೆ ಬರುವ ಮೋರ್ಸ್ ಹಿಡಿಯಲು ಪ್ರೋಗ್ರಾಂ ಬರೆಯುತ್ತಿದ್ದೇನೆ. ಮೊದಲು ಎನರ್ಜಿ ಅಳೆದು ನೋಡಿದೆ, ಆದರೆ ನಾಯ್ಸ್ ಹಗಲಿಗೊಂದು ರಾತ್ರಿಗೊಂದು, ಗೆರೆ ಎಲ್ಲಿ ಎಳೆಯಲಿ? ಅದಕ್ಕೇ ಎಂಟ್ರೊಪಿಗೆ, ಅಂದರೆ ಬೆಲೆಗಳು ಎಷ್ಟು ಚದುರಿವೆ ಎಂಬ ಅಳತೆಗೆ ಬಂದೆ; ಸಿಗ್ನಲ್ ಬಂದಾಗ ಅದು ಬೀಳಬೇಕು. ಸೆಕೆಂಡಿಗೆ 96,000 ಸ್ಯಾಂಪಲ್, ಅದರಲ್ಲಿ 1024 ತೆಗೆದು ಎಫ್‌ಎಫ್‌ಟಿ (ಫ್ರೀಕ್ವೆನ್ಸಿಗಳಾಗಿ ಬಿಡಿಸುವ ಲೆಕ್ಕ), ಅದರ ಮ್ಯಾಗ್ನಿಟ್ಯೂಡ್‌ಗಳನ್ನು (ಪ್ರತಿ ಫ್ರೀಕ್ವೆನ್ಸಿಯ ಎತ್ತರ) ಸೊನ್ನೆಯಿಂದ ಗರಿಷ್ಠದವರೆಗೆ 15 ಖಾನೆಗಳಲ್ಲಿ ಎಣಿಸಿ ಶಾನನ್ ಎಂಟ್ರೊಪಿ. ಕಂಪ್ಯೂಟರಲ್ಲೇ ಹುಟ್ಟಿಸಿದ ಗಾಸಿಯನ್ ನಾಯ್ಸ್‌ ಅನ್ನು ಹತ್ತು ಪಟ್ಟು ಮಾಡಿದರೂ ಎಂಟ್ರೊಪಿ ಅಲ್ಲಾಡುವುದಿಲ್ಲ. ನಿಜವಾದ ಆಂಟೆನಾ ಸಿಕ್ಕಿಸಿದರೆ ಖಾಲಿ ಬ್ಯಾಂಡಿನಲ್ಲೂ ಧೊಪ್ಪನೆ ಬೀಳುತ್ತದೆ, ಪ್ರೋಗ್ರಾಂ "ಸಿಕ್ಕಿತು ಸಿಕ್ಕಿತು" ಎಂದು ಕುಣಿಯುತ್ತದೆ.

ಐವತ್ತು_ಓಮ್:
ಎಫ್‌ಎಫ್‌ಟಿಗೆ ಮೊದಲೇ ಸ್ಯಾಂಪಲ್‌ಗಳನ್ನು ಪ್ಲಾಟ್ ಮಾಡಿ ನೋಡಿ, ಸ್ಪೈಕ್, ಅಂದರೆ ಕ್ಷಣಮಾತ್ರ ಎದ್ದು ಬೀಳುವ ಮೊನೆ ಕಾಣುತ್ತದೆ. ನಮ್ಮ ಕರೆಂಟು 50 ಹರ್ಟ್ಸ್, ಅದರಿಂದ ನಡೆಯುವ ಉಪಕರಣಗಳಲ್ಲಿ ಕಿಡಿ ಹಾರುವುದು ಅರ್ಧ ಸೈಕಲ್ಲಿಗೊಮ್ಮೆ, ಅಂದರೆ 10 ಮಿಲಿಸೆಕೆಂಡಿಗೊಂದು. ನಿಮ್ಮ 1024 ಸ್ಯಾಂಪಲ್ ಸುಮಾರು 10.7 ಮಿಲಿಸೆಕೆಂಡ್! ಪ್ರತಿ ಸಲವೂ ಒಂದು ಸ್ಪೈಕ್ ಖಾತ್ರಿ. ಒಂಟಿ ಸ್ಪೈಕಿನ ಎಫ್‌ಎಫ್‌ಟಿ ಎಲ್ಲಾ ಕಡೆ ಒಂದೇ ಎತ್ತರ, ಆದ್ದರಿಂದ ಹೆಚ್ಚುಕಮ್ಮಿ ಎಲ್ಲವೂ ಮೇಲಿನ ಒಂದೆರಡು ಖಾನೆಗಳಿಗೇ ಹೋಗಿ ಕೂರುತ್ತವೆ. ಮೋರ್ಸ್ ಬಂದಾಗ ಇದು ತಿರುವುಮುರುವು, ಒಂದು ಮೇಲೆ, ಉಳಿದವೆಲ್ಲ ಕೆಳಗೆ. ಎಂಟ್ರೊಪಿಗೆ ಎರಡೂ ಒಂದೇ, ಅದಕ್ಕೆ ಯಾವ ಖಾನೆ ಎಂಬುದು ಗೊತ್ತಾಗುವುದಿಲ್ಲ ಅಲ್ವಾ.

ಮೊದಲು ಕ್ಲಿಪ್ ಮಾಡಿ. ಸ್ಯಾಂಪಲ್‌ಗಳ ಚಿಹ್ನೆ ಬಿಟ್ಟು ಮೀಡಿಯನ್ (ಕ್ರಮವಾಗಿ ಜೋಡಿಸಿದರೆ ನಟ್ಟನಡುವೆ ಬರುವ ಬೆಲೆ) ತೆಗೆದು, ಅದರ 5 ಪಟ್ಟು ಮೀರಿದ್ದನ್ನು ಕತ್ತರಿಸಿ. ಸರಾಸರಿ ಬೇಡ, ಸ್ಪೈಕ್ ಅದನ್ನೂ ಎಳೆದುಕೊಂಡು ಹೋಗುತ್ತದೆ. ಶುದ್ಧ ಸೈನ್ ಅಲೆಯ ತುದಿ ಮೀಡಿಯನ್ನಿನ 1.41 ಪಟ್ಟು ಅಷ್ಟೇ, ಹಾಗಾಗಿ ನಿಮ್ಮ ಮೋರ್ಸಿಗೆ ಏಟು ಬೀಳುವುದಿಲ್ಲ.

ಹಿಂದೆಮುಂದೆ:
ಪರ್ಮ್ಯುಟೇಶನ್ ಎಂಟ್ರೊಪಿ ನೋಡಿದ್ದೀರಾ? 2002ರಲ್ಲಿ ಬಾಂಟ್ ಮತ್ತು ಪೊಂಪೆ ಕೊಟ್ಟದ್ದು. ಅಕ್ಕಪಕ್ಕದ ಮೂರು ಸ್ಯಾಂಪಲ್‌ಗಳಲ್ಲಿ ಯಾವುದು ದೊಡ್ಡದು, ಯಾವುದು ಚಿಕ್ಕದು ಎಂಬ ಕ್ರಮ ಮಾತ್ರ ಲೆಕ್ಕಕ್ಕೆ, ಒಟ್ಟು 6 ಬಗೆ. ಸ್ಯಾಂಪಲ್‌ಗಳಿಗೆ ಒಂದಕ್ಕೊಂದು ಸಂಬಂಧ ಇಲ್ಲದಿದ್ದರೆ ನಾಯ್ಸ್ ಗಾಸಿಯನ್ ಆಗಲಿ ಬಿಡಲಿ, ಆರೂ ಸಮ, ಎಂಟ್ರೊಪಿ 2.58 ಬಿಟ್. ಸ್ಪೈಕ್ ಸಾವಿರ ಪಟ್ಟು ದೊಡ್ಡದಿದ್ದರೂ "ದೊಡ್ಡದು" ಅಷ್ಟೇ.

ಐವತ್ತು_ಓಮ್:
ಒಪ್ಪಿದೆ, ಆದರೆ ರಿಸೀವರಿನ ಫಿಲ್ಟರ್ ದಾಟಿದ ಮೇಲೆ ಅಕ್ಕಪಕ್ಕದ ಸ್ಯಾಂಪಲ್‌ಗಳಿಗೆ ನಂಟು ಬಂದೇ ಬರುತ್ತದೆ. ಆಮೇಲೆ ಆ 2.58 ಸಿಗುವುದಿಲ್ಲ. ಎತ್ತರದ ಮಾಹಿತಿ ಬಿಸಾಡುವುದರಿಂದ ತೀರಾ ಸಣ್ಣ ಸಿಗ್ನಲ್ ಕೂಡ ಕೈತಪ್ಪುತ್ತದೆ.

ಚಟಪಟ:
ಎರಡನ್ನೂ ಮಾಡಿದೆ. ಆಂಟೆನಾ ಬಿಚ್ಚಿಟ್ಟರೂ ಪರ್ಮ್ಯುಟೇಶನ್ 2.58ಕ್ಕೆ ಏರಲಿಲ್ಲ, ಫಿಲ್ಟರಿನದೇ ಕೆಲಸ. ಕ್ಲಿಪ್ ಮಾಡಿದ ಮೇಲೆ ಸುಳ್ಳು ಕೂಗು ಬಹುಮಟ್ಟಿಗೆ ನಿಂತಿದೆ. ಮನೆಯ ಸ್ವಿಚ್‌ಗಳನ್ನು ಒಂದೊಂದಾಗಿ ಆರಿಸುತ್ತಾ ಹೋದೆ, ಸ್ಪೈಕ್ ಬರುತ್ತಿದ್ದದ್ದು ದೇವರ ಮನೆಯ ಎಲ್‌ಇಡಿ ಸರದಿಂದ. ಅಮ್ಮ ಅದನ್ನು ಆರಿಸಲು ಬಿಡುವುದಿಲ್ಲ, ಸದ್ಯಕ್ಕೆ ಕ್ಲಿಪ್ಪಿಂಗೇ ಗತಿ.