ಲೈಫ್‌ಗಾರ್ಡ್‌ಗಳಿಗೆ ಸನ್ಮಾನ: ಶಾಲು, ಹಾರ ಬಿಟ್ಟು ಬೇರೇನು ಮಾಡಬಹುದು?

ಕೇಳಿದವರು: ನಮ್ಮದು ಕರಾವಳಿಯ ಸಣ್ಣ ಊರು. ಬೀಚಿನಲ್ಲಿ ಪುರಸಭೆ ನೇಮಿಸಿದ ಲೈಫ್‌ಗಾರ್ಡ್‌ಗಳಿದ್ದಾರೆ. ಫೋನ್ ಮಾಡಿದರೆ ಓಡಿ ಬರುವ ಮೀನುಗಾರ ಹುಡುಗರೂ ಇದ್ದಾರೆ. ಜುಲೈ 25, ನೀರಲ್ಲಿ ಮುಳುಗಿ ಸಾಯುವುದನ್ನು ತಡೆಯಲೆಂದು ವಿಶ್ವಸಂಸ್ಥೆ 2021ರಲ್ಲಿ ಗೊತ್ತು ಮಾಡಿದ ದಿನ. ಅಂದು ಇವರನ್ನು ಗೌರವಿಸಬೇಕು ಅಂತ ನಮ್ಮ ಯುವಕ ಮಂಡಲದ ಆಸೆ. ದುಡ್ಡು ಕಮ್ಮಿ. ಮಾಡಿ ಗೊತ್ತಿದ್ದವರು ಹೇಳಿ.

ಉಡುಪಿ ಕಡೆಯವರು: ಮಾರಾಯ್ರೆ, ಜುಲೈ ಅಂದ್ರೆ ಜಡಿಮಳೆ. ಮಲ್ಪೆಯಲ್ಲಿ ಆಗ ದಡದುದ್ದಕ್ಕೂ ಬಲೆ ಕಟ್ಟಿ ಕೆಂಪು ಬಾವುಟ ನೆಟ್ಟಿರುತ್ತಾರೆ. ಆದರೂ ಬಲೆ ಎತ್ತಿ ನುಗ್ಗುವವರು ಇದ್ದೇ ಇರ್ತಾರೆ. ಅವರನ್ನು ತಡೆಯುವ ಡ್ಯೂಟಿಯವರನ್ನೇ ಸಭಾಭವನಕ್ಕೆ ಕರೆದು, ಅತಿಥಿ ಬರುವವರೆಗೆ ಕೂರಿಸಿದರೆ ಬೀಚ್ ನೋಡುವವರ್‍ಯಾರು? ಪಾಳಿ ಬದಲಾಗುವ ಹೊತ್ತಿಗೆ, ಅಲ್ಲೇ ಹತ್ತಿರದ ಶೆಡ್ಡಲ್ಲಿ ಅರ್ಧ ಗಂಟೆಯಲ್ಲಿ ಮುಗಿಸಿ. ಚಾ, ಬನ್ಸ್ ಸಾಕು.

ಹೊನ್ನಾವರದ ಒಬ್ಬ ಟೀಚರ್: ಯಾರನ್ನು ಆರಿಸುತ್ತೀರಿ ಅನ್ನೋದೇ ದೊಡ್ಡ ಪ್ರಶ್ನೆ. ಮುಳುಗುತ್ತಿದ್ದವನನ್ನು ಎಳೆದು ತಂದವನ ಫೋಟೊ ಪೇಪರಲ್ಲಿ ಬರುತ್ತದೆ. ನೀರಿಗೇ ಇಳಿಯಬೇಡಿ ಎಂದು ದಿನವಿಡೀ ಸೀಟಿ ಊದಿದವನಿಗೆ ಬೈಗುಳ ಸಿಗುತ್ತದೆ. ನನ್ನ ಲೆಕ್ಕದಲ್ಲಿ ಎರಡನೆಯವನೇ ಜಾಸ್ತಿ ಜೀವ ಉಳಿಸಿದವನು. ಆದರೆ ಅದಕ್ಕೆ ಪುರಾವೆ ಇರೋದಿಲ್ಲ ಅಲ್ವಾ?

ಅದಕ್ಕೆ ಈಗಲೇ ಒಂದು ಉದ್ದನೆಯ ನೋಟ್‌ಬುಕ್ ಕೊಡಿಸಿ. ಎಷ್ಟು ಗಂಟೆಗೆ, ಎಲ್ಲಿ, ಯಾರನ್ನು ವಾಪಸ್ ಕಳಿಸಿದರು, ಆಗ ಸೆಳೆತ ಹೇಗಿತ್ತು, ಜೊತೆಗೆ ಯಾರು ಕೈಗೂಡಿಸಿದರು, ಇಷ್ಟನ್ನು ಬರೆದಿಡಲಿ. ನಮ್ಮಲ್ಲಿ ಹೀಗೆ ಬರೆದಿದ್ದರಿಂದಲೇ, ಖಾಲಿ ಕ್ಯಾನಿಗೆ ನೈಲಾನ್ ಹಗ್ಗ ಕಟ್ಟಿ ಎಸೆದು ಹುಡುಗನನ್ನು ಎಳೆದ ಮೀನು ಮಾರುವ ಅಕ್ಕನ ಹೆಸರು ಸಿಕ್ಕಿತು. ಅವರು ನೀರಿಗೆ ಇಳಿದೇ ಇರಲಿಲ್ಲ. ಅದೇ ಸರಿಯಾದ ಕ್ರಮ ಕೂಡ.

ಕಂದಾಯ ಇಲಾಖೆಯಿಂದ ನಿವೃತ್ತರು: ಪ್ರಾಣ ಒತ್ತೆಯಿಟ್ಟು ಕಾಪಾಡಿದವರಿದ್ದರೆ ಜೀವನ ರಕ್ಷಾ ಪದಕಕ್ಕೆ ಹೆಸರು ಕಳಿಸಿ. ಕೇಂದ್ರ ಸರ್ಕಾರ 1961ರಿಂದ ಕೊಡುತ್ತಿದೆ. ಸರ್ವೋತ್ತಮ, ಉತ್ತಮ, ಮತ್ತು ಬರೀ ಜೀವನ ರಕ್ಷಾ ಪದಕ ಅಂತ ಮೂರು ದರ್ಜೆ. ಮರಣೋತ್ತರವಾಗಿಯೂ ಕೊಡುತ್ತಾರೆ. ಪೊಲೀಸ್, ಅಗ್ನಿಶಾಮಕ ದಳದವರು ಡ್ಯೂಟಿಯಲ್ಲಿದ್ದಾಗ ಮಾಡಿದ ಕೆಲಸಕ್ಕೆ ಇದು ಸಿಗುವುದಿಲ್ಲ. ಹೆಸರು ಹೋಗುವುದು ರಾಜ್ಯ ಸರ್ಕಾರದ ಮೂಲಕ, ಹಾಗಾಗಿ ಮೊದಲು ಡಿಸಿ ಆಫೀಸಿಗೆ ಅರ್ಜಿ ಕೊಡಿ. ಠಾಣೆಯ ದಾಖಲೆ, ಆಸ್ಪತ್ರೆ ಚೀಟಿ, ಬದುಕಿ ಉಳಿದವರ ಹೇಳಿಕೆ, ಇವನ್ನು ಘಟನೆ ಹಸಿಯಾಗಿರುವಾಗಲೇ ಕೂಡಿಸಬೇಕು. ವರ್ಷ ಕಳೆದರೆ ಯಾರ ಫೋನೂ ಹತ್ತೋದಿಲ್ಲ.

ಶ್ರೀರಂಗಪಟ್ಟಣದಿಂದ: ನಮ್ಮದು ಹೊಳೆ ಕಡೆ ಮಾತು. ಇಲ್ಲಿ ಲೈಫ್‌ಗಾರ್ಡ್ ಅಂತ ಯಾರೂ ಇಲ್ಲ, ಹರಿಗೋಲಿನವರೇ ಎಲ್ಲ. ಅವರ ಕೈಗೆ ಜೀವಕ್ಕಿಂತ ಹೆಣ ಸಿಗೋದೇ ಹೆಚ್ಚು. ದಯವಿಟ್ಟು ಅವರನ್ನೂ ಕರೆಯಿರಿ. ವೇದಿಕೆಯಲ್ಲಿ 'ಅನುಭವ ಹೇಳಿ' ಅಂತ ಮೈಕ್ ಮಾತ್ರ ಕೊಡಬೇಡಿ. ಬದುಕಿ ಬಂದವರನ್ನು ಕರೆಸುವುದಿದ್ದರೂ ಮೊದಲು ಮನೆಗೆ ಹೋಗಿ ಕೇಳಿ. ಒಲ್ಲೆ ಅಂದರೆ ಅಲ್ಲಿಗೇ ಬಿಡಿ.

ಕುಂದಾಪುರದ ಬ್ಯಾಂಕ್ ಉದ್ಯೋಗಿ: ಸ್ಮರಣಿಕೆ ಕಪಾಟಲ್ಲಿ ಧೂಳು ತಿನ್ನುತ್ತದೆ. ಆ ದುಡ್ಡಲ್ಲಿ ಒಳ್ಳೆ ಹಗ್ಗ, ಲೈಫ್ ಜಾಕೆಟ್, ರೆಸ್ಕ್ಯೂ ಟ್ಯೂಬ್ ಕೊಡಿಸಿ. ಬೇಕಿದ್ದರೆ ಅವುಗಳ ಮೇಲೆ ಮಂಡಲದ ಹೆಸರು ಬರೆಸಿಕೊಳ್ಳಿ, ಯಾರೂ ಬೇಡ ಅನ್ನೋದಿಲ್ಲ.

ಇನ್ನೊಂದು. ಸ್ವಯಂಸೇವಕ ಹುಡುಗರಿಗೆ ವಿಮೆ ಇದೆಯಾ ವಿಚಾರಿಸಿ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ. 18ರಿಂದ 70 ವರ್ಷದೊಳಗಿನವರಿಗೆ ಬ್ಯಾಂಕ್ ಖಾತೆ ಇದ್ದರೆ ಸಾಕು. ಅಪಘಾತದಲ್ಲಿ ತೀರಿಕೊಂಡರೆ ಮನೆಯವರಿಗೆ 2 ಲಕ್ಷ ಸಿಗುತ್ತದೆ. ಅವಧಿ ಜೂನ್ 1ರಿಂದ ಮೇ 31. ನಡುವೆ ಸೇರಿದರೂ ಆಗುತ್ತದೆ, ಖಾತೆಯಲ್ಲಿ ದುಡ್ಡು ಉಳಿಸಿಕೊಳ್ಳಲು ಹೇಳಿ. ಅಂದು ಫಾರಂ ಹಿಡಿದುಕೊಂಡು ನಿಮ್ಮೂರ ಬ್ಯಾಂಕಿನವರನ್ನೇ ಶೆಡ್ಡಿಗೆ ಕರೆಸಿ. ನಾಮಿನಿ ಹೆಸರು ಬರೆಸುವುದನ್ನು ಮಾತ್ರ ಮರೀಬೇಡಿ.